ಹನ್ನೊಂದನೇ ಕಿಲೋಮೀಟರಿನ ಆಚೆ

ಗಡಿ ರಸ್ತೆ, ಸತ್ತಕುದುರೆ ಹಳ್ಳ
14 ಮಾರ್ಚ್ 1988

ಟಾಲ್ಬರಿ ಕೌನ್ಸಿಲ್ಲಿನ ರಸ್ತೆ ಎಂಜಿನಿಯರ್ ಅವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕಳೆದ ಆರು ತಿಂಗಳಲ್ಲಿ ಪಕ್ಕದ ಬಿಂಡರೂ ಕೌನ್ಸಿಲ್ಲಿಗೆ ನಾಲ್ಕು ಕಾಗದ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ: ಅದು ಟಾಲ್ಬರಿಯವರ ರಸ್ತೆ, ಅವರನ್ನೇ ಕೇಳಿ. ಸರಿ, ಕೇಳುತ್ತಿದ್ದೇನೆ.

ನಾನು ನೋಲಾ ಪ್ರಿಡಮ್. ಗಡಿ ರಸ್ತೆಯ ಹತ್ತೊಂಬತ್ತು ಮನೆಗಳಿಗೆ ವಾರಕ್ಕೆ ಮೂರು ದಿನ ಟಪಾಲು ಹಂಚುವ ಗುತ್ತಿಗೆ ನನ್ನದು. ಹದಿನೇಳು ವರ್ಷದಿಂದ ಇದೇ ಕೆಲಸ. ಈ ಕಾಗದವನ್ನೂ ನಾನೇ ಚೀಲಕ್ಕೆ ಹಾಕಿಕೊಂಡು, ನಾನೇ ಹಳ್ಳ ದಾಟಿಸಿ, ನಿಮ್ಮೂರ ಅಂಚೆ ಕಚೇರಿಗೆ ಮುಟ್ಟಿಸಬೇಕು. ಇದು ನಿಮ್ಮ ಕೈ ಸೇರಿದರೆ ನಾನು ಬದುಕಿದ್ದೇನೆ ಎಂದು ತಿಳಿಯಿರಿ.

ಸತ್ತಕುದುರೆ ಹಳ್ಳಕ್ಕೆ ಸೇತುವೆಯಿಲ್ಲ, ಅಡ್ಡಲಾಗಿ ಕಾಂಕ್ರೀಟಿನ ಹಾಸು ಇದೆ. ಮಳೆಗಾಲದಲ್ಲಿ ನೀರು ಅದರ ಮೇಲೆಯೇ ಹರಿಯುತ್ತದೆ, ನಾವು ನೀರಿನೊಳಗೇ ಗಾಡಿ ದಾಟಿಸುತ್ತೇವೆ. ಹೋದ ವರ್ಷದ ನೆರೆಗೆ ಹಾಸಿನ ಎಡ ಅಂಚು ಒಂದೂವರೆ ಮೀಟರಿನಷ್ಟು ಮುರಿದು ಬಿದ್ದಿದೆ. ಆಳ ತೋರಿಸುವ ಕಂಬವೂ ಕೊಚ್ಚಿಹೋಗಿದೆ. ಒಣಗಿದ್ದಾಗ ಹೊಂಡ ಕಾಣುತ್ತದೆ. ಕೆಂಪು ನೀರು ಮೊಣಕಾಲುದ್ದ ಹರಿಯುವಾಗ ಕಾಂಕ್ರೀಟು ಎಲ್ಲಿ ಮುಗಿಯಿತು, ಹೊಂಡ ಎಲ್ಲಿ ಶುರುವಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ.

ಅದರ ಮೇಲೆ ದಿನಕ್ಕೆ ಎರಡು ಸಲ ಐಲೀನ್ ಕ್ವಿಲ್ಟಿ ಶಾಲೆಯ ಬಸ್ಸು ಓಡಿಸುತ್ತಾಳೆ. ಹನ್ನೊಂದು ಮಕ್ಕಳು. ಜೂನಿಗೆ ಮಳೆ ಬರುತ್ತದೆ. ಅಷ್ಟರೊಳಗೆ ರಿಪೇರಿ ಮಾಡಿಸಿ.

ನೋಲಾ ಪ್ರಿಡಮ್


ಟಾಲ್ಬರಿ ಕೌನ್ಸಿಲ್ ಕಚೇರಿ
28 ಮಾರ್ಚ್ 1988

ಶ್ರೀಮತಿ ಪ್ರಿಡಮ್ ಅವರಿಗೆ,

ತಮ್ಮ ಪತ್ರ ತಲುಪಿದೆ. ದಾಖಲೆಗಳನ್ನು ಪರಿಶೀಲಿಸಲಾಗಿ, ಗಡಿ ರಸ್ತೆಯಲ್ಲಿ ನಮ್ಮ ಕೌನ್ಸಿಲ್ಲಿನ ಹೊಣೆಯು ಪೂರ್ವದ ರೈಲ್ವೆ ಗೇಟಿನಿಂದ ಹನ್ನೊಂದನೇ ಕಿಲೋಮೀಟರಿನ ಕಂಬದವರೆಗೆ ಮಾತ್ರ ಇರುವುದು ಕಂಡುಬಂದಿದೆ. ಹಳ್ಳವು ಆ ಕಂಬದಿಂದ ಆಚೆಗೆ ಇರುವ ಕಾರಣ ಬಿಂಡರೂ ಕೌನ್ಸಿಲ್ಲನ್ನು ಸಂಪರ್ಕಿಸಲು ಕೋರಿದೆ. ಸದರಿ ಸ್ಥಳದಲ್ಲಿ ಈವರೆಗೆ ಯಾವುದೇ ಅಪಘಾತ ದಾಖಲಾಗಿಲ್ಲ ಎಂಬುದನ್ನೂ ತಿಳಿಸಬಯಸುತ್ತೇನೆ.

ಆಲ್ವಿನ್ ರೂಕ್
ರಸ್ತೆ ಎಂಜಿನಿಯರ್


ಗಡಿ ರಸ್ತೆ
5 ಏಪ್ರಿಲ್ 1988

ರೂಕ್ ಅವರೇ,

ಅಂತೂ ಒಂದು ಹೆಸರು ಸಿಕ್ಕಿತು. ಬಿಂಡರೂ ಕೌನ್ಸಿಲ್ಲಿಗೆ ಫೋನ್ ಮಾಡಿ ಅವರ ಪಾಲು ಎಲ್ಲಿಯವರೆಗೆ ಎಂದು ಕೇಳಿದೆ. ಪಶ್ಚಿಮದ ಗೋಧಿ ಕಣಜದಿಂದ ಹನ್ನೊಂದು ಕಿಲೋಮೀಟರಂತೆ. ನಿಮ್ಮದೂ ಹನ್ನೊಂದು, ಅವರದೂ ಹನ್ನೊಂದು. ನನಗೆ ಕೂಡಿಸುವುದಕ್ಕೆ ಬರುತ್ತದೆ, ಇಪ್ಪತ್ತೆರಡಾಯಿತು. ಕಣಜದಿಂದ ಗೇಟಿನವರೆಗೆ ಗಾಡಿ ಓಡಿಸಿಕೊಂಡು ಬಂದು ಮೀಟರು ನೋಡಿದೆ. ಇಪ್ಪತ್ತೆರಡೂವರೆ!

ನಡುವೆ ಐನೂರು ಮೀಟರು ಚಿಲ್ಲರೆ ರಸ್ತೆಗೆ ಅಪ್ಪ ಅಮ್ಮ ಯಾರೂ ಇಲ್ಲ. ಹಳ್ಳ ಇರುವುದು ಸರಿಯಾಗಿ ಅಲ್ಲೇ.

ಗ್ರೇಡರ್ ಓಡಿಸಿಕೊಂಡು ರಸ್ತೆ ಹೆರೆಯಲು ಬರುವ ನಿಮ್ಮ ನೆವ್‌ನನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ನಿಮ್ಮ ಕಂಬದ ಹತ್ತಿರ ಬಂದೊಡನೆ ಅಲಗು ಮೇಲೆತ್ತುತ್ತಾನೆ, ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಮೊನ್ನೆ ಅಡ್ಡ ನಿಂತೆ.

"ಏನೋ ನೆವ್, ಇನ್ನೊಂದು ಅರ್ಧ ಕಿಲೋಮೀಟ್ರು ಎಳ್ದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕಂಬ ದಾಟಿದ್ರೆ ನನ್ ಕೆಲ್ಸ ಹೋಗುತ್ತೆ ಕಣಮ್ಮಾ. ಹೋದ್ ಸಲ ಗಾಡಿ ತಿರುಗ್ಸೋಕೇಂತ ಹತ್ತು ಮೀಟ್ರು ಆಚೆ ಹೋಗಿದ್ದಕ್ಕೇ ಎಚ್ಚರ್ಕೆ ಕಾಗ್ದ ಕೊಟ್ರು."

"ಆ ಕಡೆಯವ್ನು?"

"ಅವ್ನೂ ನನ್ ಥರಾನೇ. ದೂರದಿಂದ ಕೈ ಬೀಸ್ತೀವಿ. ಒಳ್ಳೇ ಮನುಷ್ಯ. ಹೆಸ್ರು ಮಾತ್ರ ಗೊತ್ತಿಲ್ಲ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನೀವು ಜಗಳವನ್ನೂ ಆಡುತ್ತಿಲ್ಲವಲ್ಲ ಮಾರಾಯರೇ! ಇಬ್ಬರೂ ಮುಖ ತಿರುಗಿಸಿ ಕೂತಿದ್ದೀರಿ. ಅಪಘಾತ ದಾಖಲಾಗಿಲ್ಲ ಎಂದು ಬರೆದಿದ್ದೀರಿ. ದಾಖಲಾಗಲಿ ಎಂದು ಕಾಯುತ್ತಿದ್ದೀರಾ?

ನೋಲಾ ಪ್ರಿಡಮ್


ಟಾಲ್ಬರಿ ಕೌನ್ಸಿಲ್ ಕಚೇರಿ
22 ಏಪ್ರಿಲ್ 1988

ಶ್ರೀಮತಿ ಪ್ರಿಡಮ್ ಅವರಿಗೆ,

ತಮ್ಮ ಲೆಕ್ಕ ಸರಿಯಿದೆ. ಎರಡೂ ಕೌನ್ಸಿಲ್ಲುಗಳ ನಡುವೆ 1956ರಲ್ಲಿ ಆದ ಒಪ್ಪಂದದ ಪ್ರತಿ ಸಿಕ್ಕಿದೆ. ಅದರಂತೆ ಹದಿನಾಲ್ಕು ಮೈಲಿ ರಸ್ತೆಯಲ್ಲಿ ತಲಾ ಏಳು ಮೈಲಿ. 1974ರಲ್ಲಿ ದೇಶವೆಲ್ಲ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ ಏಳು ಮೈಲಿಯನ್ನು ಎರಡೂ ಕಡೆ ಹನ್ನೊಂದು ಕಿಲೋಮೀಟರ್ ಎಂದು ಬರೆದುಕೊಳ್ಳಲಾಗಿದೆ. ನಿಜಕ್ಕೂ ಅದು ಹನ್ನೊಂದರ ಮೇಲೆ ಇನ್ನೂರ ಅರವತ್ತೈದು ಮೀಟರ್. ಚಿಲ್ಲರೆಯನ್ನು ಕೈಬಿಡಲಾಗಿದೆ.

ಆದರೆ ಈಗ ಜಾರಿಯಲ್ಲಿರುವುದು ಕಿಲೋಮೀಟರಿನ ದಾಖಲೆ. ಅದನ್ನು ತಿದ್ದಲು ಎರಡೂ ಕೌನ್ಸಿಲ್ಲುಗಳ ಜಂಟಿ ಸಭೆ ಆಗಬೇಕು. ಸಭೆ ಆಗಸ್ಟಿನಲ್ಲಿದೆ. ಅಲ್ಲಿಯವರೆಗೆ ಎಚ್ಚರಿಕೆಯ ಫಲಕವನ್ನಾದರೂ ಹಾಕಬಹುದೇ ಎಂದು ನಮ್ಮ ಕಾರ್ಯದರ್ಶಿಯವರನ್ನು ಕೇಳಿದೆ. ಫಲಕ ಹಾಕಿದವರೇ ರಸ್ತೆಯ ಒಡೆಯರು ಎಂದಾಗುತ್ತದೆ, ಆದ್ದರಿಂದ ಹಾಕಬಾರದು ಎಂದು ಅವರು ಆದೇಶಿಸಿದ್ದಾರೆ.

ತಾವು ಹೊಂಡದ ಪಕ್ಕ ಇಟ್ಟಿರುವ ಬಿಳಿ ಬಣ್ಣದ ಟೈರನ್ನು ಇನ್ನೊಂದು ಅಡಿ ಬಲಕ್ಕೆ ಸರಿಸುವುದು ಒಳ್ಳೆಯದು. ಕೆಳಗಿನ ಮಣ್ಣು ಅಲ್ಲಿಯವರೆಗೂ ಕೊರೆದುಹೋಗಿದೆ.

ಆಲ್ವಿನ್ ರೂಕ್


ಗಡಿ ರಸ್ತೆ
9 ಮೇ 1988

ರೂಕ್ ಅವರೇ,

ಟೈರಿನ ವಿಷಯ ನಾನು ನಿಮಗೆ ಬರೆದೇ ಇರಲಿಲ್ಲ. ನೆವ್ ಚಾಡಿ ಹೇಳಿರಬೇಕು. ಇರಲಿ, ಟೈರು ಸರಿಸಿದ್ದೇನೆ.

ಬುಧವಾರ ನಿಮ್ಮವರೂ ಅವರೂ ಸ್ಥಳ ಪರಿಶೀಲನೆಗೆ ಬಂದಿದ್ದರು. ಅದನ್ನು ನೋಡುವ ಭಾಗ್ಯ ನನ್ನದಾಯಿತು. ಟಪಾಲು ಮುಗಿಸಿ ಬಂದು ಹಳ್ಳದ ದಂಡೆಯಲ್ಲಿ ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂತಿದ್ದೆ. ಬಿಂಡರೂದವರು ತಮ್ಮ ಕಂಬದ ಹತ್ತಿರ ಕಾರು ನಿಲ್ಲಿಸಿದರು. ನಿಮ್ಮವರು ತಮ್ಮ ಕಂಬದ ಹತ್ತಿರ. ನಡುವೆ ಅರ್ಧ ಕಿಲೋಮೀಟರು. ಆ ಕಡೆಯವರು ಅಲ್ಲಿಂದಲೇ ಫೋಟೋ ತೆಗೆದರು, ಈ ಕಡೆಯವರು ಇಲ್ಲಿಂದಲೇ ತೆಗೆದರು. ಒಬ್ಬರನ್ನೊಬ್ಬರು ತೆಗೆದುಕೊಂಡಿರಬೇಕು.

ಹೊಳೆಯುವ ಬೂಟಿನವರೊಬ್ಬರಿದ್ದರು, ಅವರೇ ನಿಮ್ಮ ಕಾರ್ಯದರ್ಶಿಯಂತೆ. ಅವರ ಹತ್ತಿರ ಹೋಗಿ, "ಸ್ವಾಮಿ, ಹೊಂಡ ಅಲ್ಲಿದೆ, ಬಂದು ನೋಡಿ" ಎಂದೆ.

"ನೋಡಿ ಅಮ್ಮಾ, ನಾವು ಅಲ್ಲಿಗ್ ಬಂದ್ರೆ, ಬಂದ್ವಿ ಅಂತ ಆಗುತ್ತೆ" ಎಂದರು.

ಐವತ್ತೆರಡು ವರ್ಷ ಬದುಕಿದ್ದೇನೆ, ಇಂಥ ಮಾತು ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ನಿಮ್ ಮಕ್ಳು ಆ ಬಸ್ಸಲ್ಲಿದ್ದಿದ್ರೆ ಈಜ್ಕೊಂಡು ಬರ್ತಿದ್ರಿ" ಎಂದೆ. ಅವರು ಕಾರು ಹತ್ತಿದರು.

ನಿಮ್ಮವರಲ್ಲಿ ಒಬ್ಬ ಮಾತ್ರ, ಹಳೇ ಟೋಪಿಯ ಉದ್ದನೆಯ ಮನುಷ್ಯ, ಕಂಬ ದಾಟಿ ಹಾಸಿನವರೆಗೂ ನಡೆದು ಬಂದ. ಬಂದು ಏನು ಮಾಡಿದ? ಕೊಕ್ಕರೆಯ ಹಾಗೆ ಹೊಂಡ ನೋಡುತ್ತಾ ನಿಂತ. ಪೆನ್ಸಿಲಿನಲ್ಲಿ ಏನೋ ಗೀಚಿಕೊಂಡು ವಾಪಸು ಹೋದ. ಅವನಿಗೆ ಹೇಳಿ, ನೋಡಿದ್ದರಿಂದ ಹೊಂಡ ಮುಚ್ಚುವುದಿಲ್ಲ.

ನೋಲಾ ಪ್ರಿಡಮ್


ಟಾಲ್ಬರಿ
20 ಮೇ 1988

ಶ್ರೀಮತಿ ಪ್ರಿಡಮ್ ಅವರಿಗೆ,

ಕೊಕ್ಕರೆಗೆ ತಮ್ಮ ಮಾತನ್ನು ತಿಳಿಸಲಾಗಿದೆ.

ಸಭೆಯನ್ನು ಅಕ್ಟೋಬರಿಗೆ ಮುಂದೂಡಿದ್ದಾರೆ. ನಾನು ವಿರೋಧಿಸಿದೆ, ನಡೆಯಲಿಲ್ಲ. "ಅಲ್ಲಿ ಈವರೆಗೆ ಯಾರಿಗೆ ಏನಾಗಿದೆ ಹೇಳ್ರೀ ರೂಕ್, ಒಂದ್ ಕೋಳೀನಾದ್ರೂ ಸತ್ತಿದ್ಯಾ?" ಎಂದರು ಕಾರ್ಯದರ್ಶಿ.

ಶ್ರೀಮತಿ ಪ್ರಿಡಮ್, ಆ ಸ್ಥಳದಲ್ಲಿ ಯಾವ ವಾಹನವಾದರೂ ಜಾರಿದ್ದು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬರಹದಲ್ಲಿ ಒಂದೇ ಒಂದು ಘಟನೆ ಇದ್ದರೂ ಸಾಕು, ಅಪಾಯ ನಮಗೆ ತಿಳಿದಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಹೊಂಡದ ಕೆಳಗೆ, ಮುರಿದ ಕಾಂಕ್ರೀಟಿಗೆ ಹಸಿರು ಬಣ್ಣ ಉಜ್ಜಿದ ಗುರುತಿದೆ. ತಮ್ಮ ಟಪಾಲು ಗಾಡಿಯ ಬಣ್ಣ ಯಾವುದು ಎಂದು ನಾನು ಕೇಳುತ್ತಿಲ್ಲ.

ಆಲ್ವಿನ್ ರೂಕ್


ಗಡಿ ರಸ್ತೆ
27 ಮೇ 1988

ರೂಕ್ ಅವರೇ,

ನಿಮ್ಮ ಕಾಗದ ನಾಲ್ಕು ದಿನ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಉತ್ತರ ಬರೆಯಲು ಕೈ ಬರಲಿಲ್ಲ.

ಹಸಿರು. ನನ್ನ ಗಾಡಿ ಹಸಿರು.

ಹೋದ ಆಗಸ್ಟಿನ ಒಂದು ಬುಧವಾರ ಹಾಸಿನ ಮೇಲೆ ನೀರಿತ್ತು. ಎಡಚಕ್ರ ಏನನ್ನೋ ಹುಡುಕುವ ಹಾಗೆ ಕೆಳಗಿಳಿಯಿತು, ಆಮೇಲೆ ಗಾಡಿ ಇಡಿಯಾಗಿ ಪಕ್ಕಕ್ಕೆ ಮಲಗಿತು. ಎದೆಮಟ್ಟ ನೀರು. ಕಿಟಕಿಯಿಂದ ಹೊರಗೆ ಬಂದೆ, ಟಪಾಲು ಚೀಲ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಮನೆಯವರೆಗೆ ನಡೆದು, ನಮ್ಮ ಟ್ರ್ಯಾಕ್ಟರ್ ತಂದು ಗಾಡಿ ಎಳೆದೆ. ನೋಡಿದವರು ಯಾರೂ ಇಲ್ಲ. ಕಾಗದಗಳನ್ನೆಲ್ಲ ಒಲೆಯ ಪಕ್ಕ ಒಣಗಿಸಿ, ಒಂದೊಂದಕ್ಕೂ ಇಸ್ತ್ರಿ ಹಾಕಿ, ಮರುದಿನ ಹಂಚಿದೆ. ಚೀಲ ಕೊಚ್ಚೆಯಲ್ಲಿ ಬಿತ್ತು ಎಂದು ಹತ್ತೊಂಬತ್ತು ಮನೆಗೂ ಸುಳ್ಳು ಹೇಳಿದೆ.

ಯಾಕೆ ಎಂದರೆ, ಅಪಘಾತವಾದರೆ ಅಂಚೆ ಇಲಾಖೆಗೆ ವರದಿ ಕೊಡಬೇಕು. ಕೊಟ್ಟರೆ ದಾರಿ ಸರಿಯಿಲ್ಲ ಎಂದು ಈ ಹಾದಿಯ ಟಪಾಲನ್ನೇ ನಿಲ್ಲಿಸುತ್ತಾರೆ. ಪಕ್ಕದ ಕಣಿವೆಯಲ್ಲಿ ಹಾಗೇ ಮಾಡಿದರು. ಅಲ್ಲಿಯವರು ಒಂದು ಕಾಗದಕ್ಕೆ ನಲವತ್ತು ಕಿಲೋಮೀಟರು ಹೋಗಬೇಕು. ನನ್ನ ಗುತ್ತಿಗೆಯೂ ಹೋಗುತ್ತದೆ. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದು ಸಾಕಾಗಿದೆ.

ಐಲೀನ್‌ಗೂ ಹೇಳಲಿಲ್ಲ ರೂಕ್ ಅವರೇ. "ಬಲಗಡೆ ಹಿಡ್ಕೊಂಡು ಹೋಗೇ" ಎಂದೆ, ಅಷ್ಟೆ. ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಅವಳು ಆ ಹಾಸಿನ ಮೇಲೆ ಹೋಗುವುದನ್ನು ಒಂಬತ್ತು ತಿಂಗಳು ನೋಡುತ್ತಾ ಬಂದೆ. ನಿಮ್ಮನ್ನು ಬೈದ ಬೈಗುಳದಲ್ಲಿ ಅರ್ಧ ನನಗೇ ಸಲ್ಲಬೇಕು. ಇನ್ನರ್ಧ ನಿಮಗೆ, ಅದನ್ನು ಬಿಡುವುದಿಲ್ಲ.

ಇವತ್ತು ಅಂಚೆ ಇಲಾಖೆಗೆ ವರದಿ ಬರೆದಿದ್ದೇನೆ, ಪ್ರತಿ ಇದರ ಜೊತೆಗಿದೆ. ಐಲೀನ್ ಮನೆಗೂ ಹೋಗಿ ಹೇಳಿ ಬಂದೆ. ಬಾಗಿಲು ಹಾಕಿಕೊಂಡಳು.

ಇನ್ನೊಂದು ವಿಷಯ. ನಿಮ್ಮ ಕೌನ್ಸಿಲ್ಲಿಗೆ ಫಲಕ ಹಾಕಲು ಭಯವಲ್ಲವೇ? ನಾನೇ ಹಾಕಿದ್ದೇನೆ. ಕೆಟ್ಟುಹೋದ ಫ್ರಿಜ್ಜಿನ ಬಾಗಿಲು ಕಿತ್ತು, ಎರಡು ಗೂಟಕ್ಕೆ ಮೊಳೆ ಹೊಡೆದು, ಕೆಂಪು ಬಣ್ಣದಲ್ಲಿ ಬರೆದಿದ್ದೇನೆ: "ನಿಲ್ಲಿ. ಎಡಗಡೆ ರಸ್ತೆ ಇಲ್ಲ. ಎರಡು ಕೌನ್ಸಿಲ್ ಇವೆ, ಯಾರೂ ಇಲ್ಲ."

ನೋಲಾ ಪ್ರಿಡಮ್


ಟಾಲ್ಬರಿ ಕೌನ್ಸಿಲ್
ನೋಟೀಸು
6 ಜೂನ್ 1988

ಶ್ರೀಮತಿ ನೋಲಾ ಪ್ರಿಡಮ್, ಗಡಿ ರಸ್ತೆ, ಇವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ಟಾಲ್ಬರಿ ಕೌನ್ಸಿಲ್ಲಿನ ಒಡೆತನದಲ್ಲಿಯೂ ಉಸ್ತುವಾರಿಯಲ್ಲಿಯೂ ಇರುವ ಗಡಿ ರಸ್ತೆಯಲ್ಲಿ, ಹನ್ನೊಂದನೇ ಕಿಲೋಮೀಟರಿನ ಕಂಬದಿಂದ ಪಶ್ಚಿಮಕ್ಕೆ, ಸತ್ತಕುದುರೆ ಹಳ್ಳದ ಹಾಸನ್ನೂ ಒಳಗೊಂಡಂತೆ ಐನೂರ ಮೂವತ್ತು ಮೀಟರ್ ಉದ್ದದ ಭಾಗದಲ್ಲಿ, ತಾವು ಕೌನ್ಸಿಲ್ಲಿನ ಅನುಮತಿಯಿಲ್ಲದೆ ಫಲಕವೊಂದನ್ನು ನೆಟ್ಟಿರುವುದು ಗಮನಕ್ಕೆ ಬಂದಿದೆ. ಕೌನ್ಸಿಲ್ಲು ತನ್ನದೇ ಎಚ್ಚರಿಕೆಯ ಫಲಕವನ್ನು ಹಾಕಿದ ಏಳು ದಿನಗಳೊಳಗೆ ಸದರಿ ಫಲಕವನ್ನು ತೆಗೆಯತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.

ಈ ನೋಟೀಸನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಪ್ರತಿಗಳು: ಬಿಂಡರೂ ಕೌನ್ಸಿಲ್, ಪೊಲೀಸ್ ಠಾಣೆ, ಶಾಲಾ ಬಸ್ಸಿನ ಚಾಲಕರು, ಅಂಚೆ ಇಲಾಖೆ, ಕೌನ್ಸಿಲ್ಲಿನ ವಿಮೆದಾರರು.

ಆಲ್ವಿನ್ ರೂಕ್
ಕೌನ್ಸಿಲ್ಲಿನ ಪರವಾಗಿ


ಗಡಿ ರಸ್ತೆ
8 ಜೂನ್ 1988

ರೂಕ್,

"ಅವರೇ" ಗಿವರೇ ಇನ್ನು ಬರೆಯುವುದಿಲ್ಲ.

ನಾನು ಎದೆ ಬಿಚ್ಚಿ ಬರೆದೆ. ಹದಿನೇಳು ವರ್ಷದ ಅನ್ನ ಪಣಕ್ಕಿಟ್ಟು ಬರೆದೆ. ನಿನ್ನಿಂದ ಬಂದದ್ದು ಇದು! ಹೊಂಡ ಮುಚ್ಚಲು ಬರುವುದಿಲ್ಲ, ಹೊಂಡ ಇದೆ ಎಂದು ಬರೆದ ಹಲಗೆ ಕೀಳಿಸಲು ಬರುತ್ತದೆ. ಕ್ರಮವಂತೆ, ತಕ್ಕದ್ದಂತೆ. ಊರಿಗೆಲ್ಲ ಪ್ರತಿ ಬೇರೆ, ಹೆಂಗಸನ್ನು ಹೆದರಿಸಿದ್ದು ಎಲ್ಲರಿಗೂ ತಿಳಿಯಲೆಂದು. ಅಂಚೆಯವರಿಗೂ ಕಳಿಸಿದ್ದೀಯಲ್ಲ, ಅವರು ನಿನ್ನೆ ನನ್ನನ್ನು ಕೆಲಸದಿಂದ ತಡೆಹಿಡಿದಿದ್ದಾರೆ, ಖುಷಿಪಡು.

ಮೈಲಿ ಲೆಕ್ಕ ಹುಡುಕಿ ತೆಗೆದಾಗ, ಈ ಮನುಷ್ಯನಿಗೆ ಸ್ವಲ್ಪ ಕರುಳಿದೆ ಎಂದುಕೊಂಡಿದ್ದೆ. ಕಚೇರಿಯವರೆಲ್ಲ ಒಂದೇ ಹಿಟ್ಟಿನ ರೊಟ್ಟಿ.

ನಿನ್ನ ನೋಟೀಸನ್ನು ಜೋಪಾನವಾಗಿಯೇ ಇಟ್ಟಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಮೊಳೆ ಹೊಡೆದು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿದ್ದೇನೆ. ಹೋಗುವವರು ಬರುವವರೆಲ್ಲ ಓದಲಿ.

ನೋಲಾ ಪ್ರಿಡಮ್


ಗಡಿ ರಸ್ತೆ
19 ಜುಲೈ 1988

ರೂಕ್ ಅವರೇ,

ಈ ಕಾಗದ ನಿಮಗೆ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ರೂಕ್ ಅವ್ರು ಈಗ ಇಲ್ಲಿಲ್ಲ" ಎಂದಳು ಫೋನಿನ ಹುಡುಗಿ. ಎಲ್ಲಿದ್ದಾರೆ ಎಂದರೆ ಹೇಳಲಿಲ್ಲ. ಕೊನೆಗೆ ನೆವ್ ಈ ವಿಳಾಸ ತಂದುಕೊಟ್ಟ.

ನಡೆದದ್ದು ಹೀಗೆ. ನಾನು ನೋಟೀಸು ಹೊಡೆದ ಮರುದಿನ ಐಲೀನ್ ಬಸ್ಸು ನಿಲ್ಲಿಸಿ ಅದನ್ನು ಓದಿದಳು. ಅವಳಿಗೂ ಪ್ರತಿ ಬಂದಿತ್ತು, ನನ್ನ ಮೇಲಿನ ಸಿಟ್ಟಿನಲ್ಲಿ ಲಕೋಟೆ ಒಡೆದಿರಲಿಲ್ಲ. ಎರಡು ವಾರದಿಂದ ಮಾತು ಬಿಟ್ಟಿದ್ದವಳು ನೆಟ್ಟಗೆ ನಮ್ಮ ಅಡುಗೆಮನೆಗೆ ಬಂದಳು.

"ನೋಲಾ, ಇದನ್ನ ಪೂರ್ತಿ ಓದಿದ್ದೀಯೇನೇ?"

"ಓದೋಕ್ ಏನಿದೆ? ಹಲಗೆ ಕೀಳು ಅಂತ ಬರ್ದಿದಾನೆ."

"ಅಯ್ಯೋ ಪೆದ್ದೀ, ಮೇಲ್ಗಡೆ ನೋಡೇ! ಟಾಲ್ಬರಿ ಕೌನ್ಸಿಲ್ಲಿನ ಒಡೆತನದಲ್ಲಿ ಅಂತ ಬರ್ದಿದಾನೆ. ಹಳ್ಳಾನೂ ಸೇರ್ಸಿ! ರಸ್ತೆ ನಮ್ದು ಅಂತ ರುಜು ಹಾಕಿ ಪೊಲೀಸ್ರಿಗೂ ವಿಮೆಯವ್ರಿಗೂ ಕಳ್ಸಿದಾನೆ ಆ ಮಹಾನುಭಾವ. ಇನ್ ಎಲ್ಲಿಗ್ ಓಡ್ತಾರೆ ಇವ್ರು?"

ಆಗ ನಾನೂ ಮೊದಲಿನಿಂದ ಓದಿದೆ. ನೀವು ಹಲಗೆ ಕೀಳಲು ಹೇಳಿದ್ದೂ ಕೌನ್ಸಿಲ್ಲು ತನ್ನ ಹಲಗೆ ಹಾಕಿದ ಮೇಲೆ. ಅದನ್ನೂ ನಾನು ನೋಡಿರಲಿಲ್ಲ. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ.

ಬಿಂಡರೂದವರು ಸುಮ್ಮನಿರುತ್ತಾರೆಯೇ? ಟಾಲ್ಬರಿಯವರೇ ಒಪ್ಪಿಕೊಂಡಿದ್ದಾರೆ, ನಮಗೆ ಸಂತೋಷ ಎಂದು ಎರಡೇ ದಿನದಲ್ಲಿ ಕಾಗದ ಬರೆದರಂತೆ. ಅವರಿಂದ ಇಷ್ಟು ಬೇಗ ಬಂದ ಉತ್ತರ ಇದೊಂದೇ. ವಿಮೆಯವರು, ಒಂದು ಗಾಡಿ ಬಿದ್ದಿದೆ ಎಂದ ಮೇಲೆ ತಕ್ಷಣ ಸರಿಮಾಡಿ ಎಂದು ಪಟ್ಟು ಹಿಡಿದರಂತೆ. ಜೂನ್ ಇಪ್ಪತ್ತಕ್ಕೆ ಕಾಂಕ್ರೀಟಿನ ಲಾರಿ ಬಂತು. ನೆವ್ ಗ್ರೇಡರ್ ತಂದು, ಕಂಬದ ಹತ್ತಿರ ನಿಲ್ಲಿಸಿ, ನನ್ನ ಮುಖ ನೋಡಿದ. "ನಡಿಯೋ" ಎಂದೆ. ಅಲಗು ಎತ್ತದೆ ಕಂಬ ದಾಟಿದ. ಅಷ್ಟು ದೊಡ್ಡ ಗಂಡಸು, ಕಣ್ಣೊರೆಸಿಕೊಂಡ.

ಜುಲೈ ಹನ್ನೊಂದಕ್ಕೆ ಹಳ್ಳ ಬಂತು, ಹೋದ ವರ್ಷಕ್ಕಿಂತ ಜೋರು. ಬಸ್ಸು ದಾಟಿತು. ಹನ್ನೊಂದು ತಲೆ ಎಣಿಸಿದೆ. ಅಂಚೆಯವರೂ ದಾರಿ ನೋಡಿಕೊಂಡು ಹೋಗಿ ನನ್ನನ್ನು ವಾಪಸು ತೆಗೆದುಕೊಂಡರು.

ಜೂನ್ ಎಂಟನೇ ತಾರೀಕಿನ ನನ್ನ ಕಾಗದವನ್ನು ಸುಟ್ಟುಬಿಡಿ. ಆದರೆ ಒಂದು ಕೋಪ ಇನ್ನೂ ಉಳಿದಿದೆ. ಹೀಗೆ ಮಾಡುತ್ತೇನೆ ಎಂದು ಒಂದು ಸಾಲು ಬರೆಯಬಾರದಿತ್ತೇ? ನಿಮ್ಮನ್ನು ಓಡಿಸಿದರು ಎಂದು ನೆವ್ ಹೇಳಿದ. ಟಾಲ್ಬರಿಯಲ್ಲಿ ನೆಮ್ಮದಿಯಾಗಿದ್ದವರು, ಗುರುತು ಪರಿಚಯ ಇಲ್ಲದ ಬೈಗುಳದ ಹೆಂಗಸಿಗಾಗಿ ಇದನ್ನು ಯಾಕೆ ಮಾಡಿದಿರಿ?

ನೋಲಾ


ಬಂದರು ರಸ್ತೆ, ಪೋರ್ಟ್ ಕಾಲ್ವೆ
2 ಆಗಸ್ಟ್ 1988

ಪ್ರಿಯ ನೋಲಾ ಅವರೇ,

ನಿಮಗೆ ಮೊದಲೇ ಬರೆದಿದ್ದರೆ ಅದು ಇಬ್ಬರೂ ಸೇರಿ ಹೂಡಿದ ಆಟ ಎನ್ನುತ್ತಿದ್ದರು. ನೀವು ನಿಜವಾಗಿ ಸಿಟ್ಟಾಗುವುದು ಬೇಕಿತ್ತು. ಆ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಪೂರ್ತಿ ಭರವಸೆಯಿತ್ತು.

ಯಾರೂ ನನ್ನನ್ನು ಓಡಿಸಲಿಲ್ಲ. ನೋಟೀಸು ವಾಪಸು ತೆಗೆದುಕೊಳ್ಳಿ ಎಂದರು, ಆಗುವುದಿಲ್ಲ ಎಂದೆ, ಎದ್ದು ಬಂದೆ. ಇಲ್ಲಿ ಬಂದರಿನ ಕೆಲಸ. ರಸ್ತೆಗಳೆಲ್ಲ ಸಮುದ್ರದಲ್ಲಿ ಮುಗಿಯುತ್ತವೆ, ಆಚೆ ಯಾರದು ಎಂದು ಯಾರೂ ಕೇಳುವುದಿಲ್ಲ.

ಯಾಕೆ ಎಂದು ಕೇಳಿದ್ದೀರಿ. 1974ರಲ್ಲಿ ನನಗೆ ಇಪ್ಪತ್ನಾಲ್ಕು ವರ್ಷ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮೈಲಿಯನ್ನು ಕಿಲೋಮೀಟರು ಮಾಡಲು ಎರಡು ಕೌನ್ಸಿಲ್ಲೂ ಸೇರಿ ನನ್ನೊಬ್ಬನನ್ನೇ ಕೂರಿಸಿದ್ದವು. ಮುನ್ನೂರು ರಸ್ತೆ. ಶುಕ್ರವಾರದೊಳಗೆ ಮುಗಿಯಬೇಕು. ಗಡಿ ರಸ್ತೆಗೆ ಬಂದಾಗ ಹನ್ನೊಂದು, ಮುಂದೆ ಚಿಲ್ಲರೆ. ಅಷ್ಟು ದೂರದ ಮಣ್ಣು ರಸ್ತೆ, ಇನ್ನೂರ ಅರವತ್ತೈದು ಮೀಟರು ಯಾರಿಗೆ ಬೇಕು ಎಂದುಕೊಂಡು ಹೊಡೆದು ಹಾಕಿದೆ. ಆ ಕಡೆಯದನ್ನೂ ಹಾಗೇ ಬರೆದೆ. ಅಲ್ಲೊಂದು ಹಳ್ಳವಿದೆ ಎಂದು ನಕ್ಷೆ ತೆರೆದು ನೋಡಲಿಲ್ಲ.

ನಿಮ್ಮ ಏಪ್ರಿಲ್ಲಿನ ಕಾಗದ ಓದಿ ಹಳೆಯ ಪುಸ್ತಕ ತೆರೆದೆ. ನನ್ನದೇ ಕೈಬರಹ. "ಚಿಲ್ಲರೆಯನ್ನು ಕೈಬಿಡಲಾಗಿದೆ" ಎಂದು ನಿಮಗೆ ಬರೆದೆ. ಕೈಬಿಟ್ಟವನು ನಾನು ಎಂದು ಬರೆಯಲಿಲ್ಲ. ಹಾಗೆ ಬರೆಯುವ ಮುಂಚಿನ ಭಾನುವಾರ ಹಳ್ಳಕ್ಕೆ ಬಂದಿದ್ದೆ, ಟೈರು ನೋಡಿದ್ದೆ. ಮುಂದಿನ ಭಾನುವಾರವೂ ಬಂದೆ. ನಿಮ್ಮ ಮನೆಯ ಗೇಟಿನವರೆಗೂ ಬಂದು ಧೈರ್ಯ ಸಾಲದೆ ವಾಪಸು ಹೋದೆ.

ಕೊಕ್ಕರೆ ನಾನೇ.

ಆಲ್ವಿನ್ ರೂಕ್


ಗಡಿ ರಸ್ತೆ
10 ಆಗಸ್ಟ್ 1988

ಆಲ್ವಿನ್ ಅವರೇ,

ಮೂರು ಸಲ ಓದಿದೆ. ಮೊದಲ ಸಲ ನಿಮ್ಮ ಕತ್ತು ಹಿಸುಕಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಎರಡನೇ ಸಲವೂ ಅನ್ನಿಸಿತು. ಹದಿನಾಲ್ಕು ವರ್ಷ ಆ ಚಿಲ್ಲರೆಯ ಮೇಲೆ ಮಕ್ಕಳನ್ನು ಓಡಾಡಿಸಿದಿರಲ್ಲ ಎಂದು ಜೋರಾಗಿ ಬೈದೆ, ಅಡುಗೆಮನೆಯಲ್ಲಿ ಒಬ್ಬಳೇ.

ಆಮೇಲೆ ಐಲೀನ್ ನೆನಪಾದಳು, ಅವಳು ಮುಚ್ಚಿದ ಬಾಗಿಲು ನೆನಪಾಯಿತು. ನೀವು ಕೈಬಿಟ್ಟದ್ದು ಎರಡೂ ಕಡೆ ಸೇರಿ ಐನೂರ ಮೂವತ್ತು ಮೀಟರು, ಅಲ್ಲೇನಿದೆ ಎಂದು ತಿಳಿಯದೆ. ನಾನು ಮುಚ್ಚಿಟ್ಟದ್ದು ಇಡೀ ಒಂದು ಗಾಡಿ, ಎಲ್ಲ ತಿಳಿದೂ.

ಕೌನ್ಸಿಲ್ಲಿನವರು ತಮ್ಮ ಫಲಕ ಹಾಕಿ ಹೋಗಿದ್ದಾರೆ, ಹೊಸ ಆಳದ ಕಂಬವೂ ಇದೆ. ನಿಮ್ಮ ನೋಟೀಸಿನ ಪ್ರಕಾರ ಏಳು ದಿನದಲ್ಲಿ ನನ್ನ ಹಲಗೆ ತೆಗೆಯತಕ್ಕದ್ದು. ಅವಧಿ ಮೀರಿ ಹೋಗಿದೆ, ನಾನು ತೆಗೆದಿಲ್ಲ. ಒಬ್ಬಳಿಂದ ಆಗುವ ಕೆಲಸವಲ್ಲ, ಗೂಟ ಮೂರಡಿ ಹೂತಿದ್ದೇನೆ.

ಬರುವ ಭಾನುವಾರ ಬಂದು ಈ ಕಡೆಯ ಗೂಟ ಹಿಡಿದುಕೊಳ್ಳಿ. ಆ ಕಡೆಯದನ್ನು ನಾನು ಹಿಡಿಯುತ್ತೇನೆ. ಗೇಟು ತೆರೆದಿಟ್ಟಿರುತ್ತೇನೆ.

ನೋಲಾ